ಇಂಜಿನ್ನಿಗೆ ಗಂಡಸೇ ಬೇಕೆ?

ನಮ್ಮ ಹೆಂಗಸರಲ್ಲಿ ಒಂದು ವಿಚಿತ್ರ ಹೆಮ್ಮೆ ಇದೆ. "ನನಗೆ ಅದೆಲ್ಲಾ ತಿಳಿಯೋದಿಲ್ಲಪ್ಪ" ಎನ್ನುವ ಹೆಮ್ಮೆ. ಹೋಳಿಗೆಗೆ ಹೂರಣ ಅರೆಯುವುದು ಗೊತ್ತಿಲ್ಲ ಎಂದು ಯಾರೂ ಬೀಗುತ್ತ ಹೇಳಿಕೊಳ್ಳುವುದಿಲ್ಲ. ಗೊತ್ತಿಲ್ಲದಿದ್ದರೆ ಮುಚ್ಚಿಡುತ್ತೇವೆ. ಆದರೆ ದಿನಾ ಓಡಾಡುವ ವಾಹನದೊಳಗೆ ಏನಿದೆ ಎಂದು ಕೇಳಿದರೆ, ಬಿ.ಎಸ್ಸಿ. ಓದಿದವಳೂ, ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಲೆಕ್ಕ ನೋಡುವವಳೂ ಸೆರಗು ಸರಿಮಾಡಿಕೊಂಡು ನಗುತ್ತ ಈ ಮಾತು ಆಡುತ್ತಾಳೆ. ತಿಳಿಯದಿರುವುದು ತಪ್ಪಲ್ಲ. ತಿಳಿಯದಿರುವುದೇ ಹೆಣ್ತನದ ಲಕ್ಷಣ ಎಂದು ನಂಬಿದ್ದೇವಲ್ಲ, ಆ ನಂಬಿಕೆಯ ಮೇಲೆ ನನ್ನ ಸಿಟ್ಟು. ಅದರ ಮೇಲೆ ಎಷ್ಟೋ ಜನರ ಹೊಟ್ಟೆ ಹೊರೆಯುತ್ತಿದೆ, ನಮ್ಮ ದುಡ್ಡಿನಲ್ಲಿ.

ನಾನು ಇಂಜಿನಿಯರ್ ಅಲ್ಲ. ಬಿ.ಎ., ಬಿ.ಇಡಿ. ಮಾಡಿಕೊಂಡು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳು. ಹಾಗಿದ್ದೂ ಒಂದು ವ್ಯಾನಿನ ಇಂಜಿನ್ನನ್ನು ನಮ್ಮ ಮನೆಯ ಅಂಗಳದಲ್ಲಿ ಕೆಳಗಿಳಿಸಿ, ಮತ್ತೆ ಏರಿಸಿದ ಕೆಲಸದಲ್ಲಿ ನನ್ನ ಕೈಯೂ ಇತ್ತು. 2017ರ ಬೇಸಿಗೆ ರಜೆಯಲ್ಲಿ ನಡೆದ ಸಂಗತಿ ಇದು. ವ್ಯಾನು ನನ್ನ ತಂಗಿಯದು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಎರಡು: ಹತ್ತನೇ ಇಯತ್ತೆ ಮುಗಿಸಿದ ಒಬ್ಬ ಮಗಳು, 1997ರ ಒಂದು ಮಾರುತಿ ಓಮ್ನಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಹಾವೇರಿ, ರಾಣೆಬೆನ್ನೂರಿನ ಅಂಗಡಿ, ಖಾನಾವಳಿಗಳಿಗೆ ಆ ವ್ಯಾನಿನಲ್ಲೇ ಒಯ್ದು ಮುಟ್ಟಿಸುತ್ತಿದ್ದಳು. ವ್ಯಾನು ನಿಂತರೆ ಒಲೆಯೂ ನಿಂತಂತೆ.

ಆ ಗಾಡಿಯನ್ನು ನೋಡದ ಊರು ನಮ್ಮ ಕಡೆ ಇರಲಿಕ್ಕಿಲ್ಲ. 1984ರಲ್ಲಿ ಬರೀ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ಬಂತು, 1988ರಲ್ಲಿ 'ಓಮ್ನಿ' ಆಯಿತು, 2019ರಲ್ಲಿ ತಯಾರಿಕೆಯೇ ನಿಂತಿತು. ಲಗ್ನದ ಸಾಮಾನು, ಹೆರಿಗೆಯ ಹೆಂಗಸು, ಕಾಯಿಪಲ್ಯೆಯ ಬುಟ್ಟಿ, ಎಲ್ಲವನ್ನೂ ಹೊತ್ತ ಗಾಡಿ. ಅದರ ಇಂಜಿನ್ ಮೂಗಿನಲ್ಲಿಲ್ಲ, ಮುಂದಿನ ಸೀಟುಗಳ ಕೆಳಗಿದೆ. ಮೂರು ಸಿಲಿಂಡರ್, 796 ಸಿ.ಸಿ. ಬೇಸಿಗೆಯಲ್ಲಿ ಕುಳಿತವರಿಗೆ ಕೆಳಗಿನಿಂದ ಕಾವು ಹತ್ತುವುದು ಅದಕ್ಕೇ.

ಆ ವರ್ಷ ವ್ಯಾನಿನ ನೋಂದಣಿ ನವೀಕರಿಸಬೇಕಿತ್ತು. ಮೊದಲ 15 ವರ್ಷದ ಅವಧಿ 2012ಕ್ಕೆ ಮುಗಿದು, ಆಮೇಲೆ ಸಿಕ್ಕ 5 ವರ್ಷವೂ ತೀರುತ್ತಿತ್ತು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು. ವಾರಕ್ಕೊಮ್ಮೆ ಆಯಿಲ್ ಸುರಿಯಬೇಕಾಗಿತ್ತು. ಆ ಹೊಗೆ ಬಿಡುತ್ತ ತಪಾಸಣೆಗೆ ಹೋಗುವ ಹಾಗಿರಲಿಲ್ಲ. ಗ್ಯಾರೇಜಿಗೆ ನಾವಿಬ್ಬರೂ ಹೋದೆವು. ಮಾಲೀಕ ಐದು ನಿಮಿಷ ಗಾಡಿಯ ಸುತ್ತ ತಿರುಗಿ, ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ರಸ್ತೆಯ ಕಡೆ ನೋಡಿದ.

"ಅಕ್ಕೋರ, ಇದು ಇಂಜಿನ್ ಕೆಲಸ. ನಿಮಗ ತಿಳಿಯಂಗಿಲ್ಲ. ಮನ್ಯಾಗ ಗಂಡಸರು ಇದ್ರ ಕಳಸ್ರಿ, ಅವರ ಜೋಡಿ ಮಾತಾಡ್ತೀನಿ."

"ಗಾಡಿ ನಂದು. ರೊಕ್ಕ ಕೊಡಾಕಿ ನಾನು," ಎಂದಳು ತಂಗಿ.

"ಹಂಗಾರ ಇಂಜಿನ್ನ ಬದಲಿ ಮಾಡಬೇಕ್ರಿ. ಮೂವತ್ತೆಂಟು ಸಾವಿರ."

ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಬೇರೆ ದಾರಿ ಇದೆಯೇ, ಒಂದಕ್ಕೂ ಉತ್ತರವಿಲ್ಲ. ವೈದ್ಯರು ಹೀಗೆ ಮಾತಾಡಿದರೆ ನಾವು ಎದ್ದು ಬೇರೆ ವೈದ್ಯರಲ್ಲಿಗೆ ಹೋಗುತ್ತೇವೆ. ಬಟ್ಟೆ ಅಂಗಡಿಯವನು ಸೀರೆ ಬಿಚ್ಚಿ ತೋರಿಸದೆ ರೇಟು ಹೇಳಿದರೆ ಅಂಗಡಿಯನ್ನೇ ಬಿಡುತ್ತೇವೆ. ಗ್ಯಾರೇಜಿನಲ್ಲಿ ಮಾತ್ರ ತಲೆ ತಗ್ಗಿಸಿ ಪರ್ಸು ತೆಗೆಯುತ್ತೇವೆ.

ನಮ್ಮ ಓಣಿಯಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಒಬ್ಬ ಕಾಕಾ ಇದ್ದರು. ಮೊಣಕಾಲು ನೋವಿನಿಂದ ನೆಲಕ್ಕೆ ಕೂಡಲಾರರು, ಆದರೆ ಕಿವಿ ಚುರುಕು. ಹೊಗೆಯ ಬಣ್ಣ ಓದುವುದನ್ನು ಅವರು ಕಲಿಸಿದ್ದು ಎರಡೇ ನಿಮಿಷದಲ್ಲಿ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಬರುತ್ತಲೇ ಇದ್ದರೆ ನೀರು ಒಳಗೆ ಸೇರುತ್ತಿದೆ. ಇಷ್ಟು ಸಣ್ಣ ಮಾತನ್ನು ಹೇಳಲು ಆ ಮಾಲೀಕನಿಗೆ ನಮ್ಮ ಮನೆಯ ಗಂಡಸು ಯಾಕೆ ಬೇಕಾಗಿದ್ದ?

ಕಾಕಾ ಇನ್ನೂ ಒಂದು ಪರೀಕ್ಷೆ ಮಾಡಿಸಿದರು. ಪ್ಲಗ್ಗು ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಗೇಜು ಹಚ್ಚಿ, ಇಂಜಿನ್ ತಿರುಗಿಸಿ ಅಂಕಿ ಬರೆದುಕೊಳ್ಳುವುದು. ಎರಡು ಸಿಲಿಂಡರಿನಲ್ಲಿ ಒತ್ತಡ ತೀರಾ ಕಡಿಮೆ ಇತ್ತು. ಆಮೇಲೆ ಅದೇ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಈಗ ಅಂಕಿ ಮೇಲೆದ್ದರೆ ಪಿಸ್ಟನ್ ರಿಂಗುಗಳು ಇಲ್ಲವೇ ಸಿಲಿಂಡರಿನ ಗೋಡೆ ಸವೆದಿದೆ ಎಂದರ್ಥ, ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿರುತ್ತದೆ. ಏಳದಿದ್ದರೆ ವಾಲ್ವಿನ ದೋಷ. ನಮ್ಮದರಲ್ಲಿ ಎದ್ದಿತು. ಇಂಜಿನ್ ಸತ್ತಿರಲಿಲ್ಲ. ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ನು, ರಿಂಗು ಹಾಕಿದರೆ ಸಾಕಿತ್ತು. ಒಂದು ಚಮಚ ಆಯಿಲ್ಲಿನಲ್ಲಿ ತಿಳಿದ ಸತ್ಯ!

"ಇಳಿಸೋದು ಇಲ್ಲೇ ಆಗತೈತಿ. ಆದ್ರ ನನ್ನ ಮೊಣಕಾಲು ಕೇಳಂಗಿಲ್ಲ. ಕೈ ನಿಮ್ಮವು, ಬಾಯಿ ನಂದು," ಎಂದರು ಕಾಕಾ.

ಓಣಿಯಲ್ಲಿ ಸುದ್ದಿ ಹಬ್ಬಿತು. ಗಂಡಸರು ನಕ್ಕರು, ಅದು ನಿರೀಕ್ಷಿತವೇ. ನನಗೆ ನೊಂದದ್ದು ಹೆಂಗಸರ ಮಾತಿನಿಂದ. "ಸಾಲಿ ಅಕ್ಕೋರಾಗಿ ವ್ಯಾನಿನ ಬುಡಕ್ಕ ಮಲಗ್ತಾರಂತ!" "ಮಗಳು ಲಗ್ನಕ್ಕ ಬಂದಾಳ, ಕೈಗೆಲ್ಲಾ ಗ್ರೀಸು!" ಹತ್ತು ಜನರಿಗೆ ಅಡುಗೆ ಮಾಡಿ ಮಸಿ ಹಿಡಿದ ಪಾತ್ರೆ ತಿಕ್ಕುವಾಗ ಕೈಗೆ ಹತ್ತುವ ಕಪ್ಪು ಕಾಣುವುದಿಲ್ಲವೇ? ಆ ಕಪ್ಪು ಗೃಹಲಕ್ಷ್ಮಿಯದು, ಈ ಕಪ್ಪು ಲಜ್ಜೆಗೇಡಿಯದು! ಎರಡನ್ನೂ ತೊಳೆಯುವುದು ಒಂದೇ ಸಾಬೂನಿನಿಂದ.

ಕೆಲಸ ಹೇಗಾಯಿತೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇದರಲ್ಲಿ ಮಂತ್ರ ತಂತ್ರ ಎಷ್ಟಿದೆ, ನಾವು ದಿನಾ ಮಾಡುವ ಕೆಲಸದ ಶಿಸ್ತು ಎಷ್ಟಿದೆ, ನೀವೇ ತೂಗಿ ನೋಡಿ.

ಮೊದಲು ಗಾಡಿಯನ್ನು ಸಮತಟ್ಟಾದ ಫರಸಿಯ ಮೇಲೆ ನಿಲ್ಲಿಸಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆವು. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಬೇಕು, ಕೂಡಿಸುವಾಗ ಅದು ಕೊನೆಗೆ. ಯಾಕೆಂದರೆ ಪಾಸಿಟಿವ್ ಬಿಚ್ಚುವಾಗ ಪಾನಾ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಮುಂದಿನ ಸೀಟು ತೆಗೆದೆವು. ರೇಡಿಯೇಟರಿನ ನೀರು, ಇಂಜಿನ್ ಆಯಿಲ್ ಬೇರೆ ಬೇರೆ ಬೋಗುಣಿಗೆ ಇಳಿಸಿದೆವು. ಹಳೆಯ ಆಯಿಲ್ಲನ್ನು ಗಟಾರಕ್ಕೆ ಚೆಲ್ಲಬಾರದು, ಡಬ್ಬಿ ತುಂಬಿ ಇಡಬೇಕು. ಪೆಟ್ರೋಲ್ ಪೈಪಿನ ಬಾಯಿಗೆ ಬೋಲ್ಟು ತುರುಕಿ ಕಟ್ಟಿದೆವು. ಅಂದು ಅಂಗಳದ ಒಲೆ ಹೊತ್ತಿಸಲಿಲ್ಲ. ಪಕ್ಕದ ಮನೆಯವರಿಗೂ ಬೀಡಿ ಸೇದಬೇಡಿರೆಂದು ಹೇಳಿ ಬಂದೆವು.

ಆಮೇಲೆ ತಂತಿಗಳು. ಆಲ್ಟರ್ನೇಟರಿನದು, ಸ್ಟಾರ್ಟರಿನದು, ಆಯಿಲ್ ಒತ್ತಡದ ದೀಪದ್ದು, ನೀರಿನ ಶಾಖದ ಮುಳ್ಳಿನದು. ಪ್ರತಿಯೊಂದಕ್ಕೂ ನನ್ನ ತಂಗಿಯ ಮಗಳು ನೋಟುಬುಕ್ಕಿನ ಚೀಟಿ ಕಟ್ಟಿ ಅಂಕಿ ಬರೆದಳು. ಅದೇ ಅಂಕಿಯನ್ನು ಗೋಡೆಯ ಸುಣ್ಣದ ಮೇಲೂ ಚಿತ್ರ ಸಮೇತ ಬರೆದಳು. ಬೋಲ್ಟು, ನಟ್ಟು, ವಾಶರುಗಳು ನಮ್ಮ ಸಾಂಬಾರ ಡಬ್ಬಿಯಲ್ಲಿ ಕೂತವು, ಸಾಸಿವೆ ಬಟ್ಟಲಿನಲ್ಲಿ ಕಾರ್ಬೊರೇಟರಿನವು, ಜೀರಿಗೆ ಬಟ್ಟಲಿನಲ್ಲಿ ಸೈಲೆನ್ಸರಿನವು. ಕಾಕಾ ಆ ಡಬ್ಬಿಯನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಡಿಪೋದಲ್ಲಿ ಎಲ್ಲವನ್ನೂ ಒಂದೇ ಟ್ರೇಗೆ ಸುರಿದು ಆಮೇಲೆ ಹುಡುಕುತ್ತ ಅರ್ಧ ದಿನ ಕಳೆಯುವ ಹುಡುಗರನ್ನು ತಾವು ಬೈದದ್ದೇ ಬೈದದ್ದು ಎಂದರು.

ಆಕ್ಸಿಲರೇಟರಿನ, ಚೋಕಿನ, ಕ್ಲಚ್ಚಿನ ಕೇಬಲ್ಲುಗಳು ಬಿಚ್ಚಿದವು. ಸೈಲೆನ್ಸರ್ ಪೈಪಿನ ನಟ್ಟು ಮಾತ್ರ ತುಕ್ಕು ಹಿಡಿದು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಿತು. ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಬಿಚ್ಚುವ ಮೊದಲು ಅದಕ್ಕೂ ಅದು ಕೂಡುವ ಜಾಗಕ್ಕೂ ಒಂದೇ ಗೆರೆ ಎಳೆದುಕೊಂಡೆವು. ಮತ್ತೆ ಅದೇ ಗೆರೆಗೆ ಕೂಡಿಸದಿದ್ದರೆ ಓಡುವಾಗ ಗಾಡಿ ನಡುಗಬಹುದು.

ಓಮ್ನಿಯ ಇಂಜಿನ್ ಮೇಲಕ್ಕೆ ಬರುವುದಿಲ್ಲ, ಗೇರ್ ಪೆಟ್ಟಿಗೆಯ ಜೊತೆ ಕೆಳಕ್ಕೆ ಇಳಿಯುತ್ತದೆ. ಹೀಗಾಗಿ ಗಾಡಿಯ ಮುಂಭಾಗವನ್ನು ಎತ್ತರಿಸಬೇಕು. ಇಲ್ಲಿ ಮಾತ್ರ ಕಾಕಾ ದನಿ ಏರಿಸಿದರು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಬೆರಳೂ ಹೋಗಕೂಡದು. ಸಿಮೆಂಟ್ ಇಟ್ಟಿಗೆಯೂ ನಡೆಯದು, ಅದು ಹೇಳದೆ ಕೇಳದೆ ಒಡೆಯುತ್ತದೆ. ಬಾಡಿಗೆಗೆ ತಂದ ಕಬ್ಬಿಣದ ಸ್ಟ್ಯಾಂಡುಗಳನ್ನು ಎರಡೂ ಬದಿಗೆ ಕೊಟ್ಟು, ಗಾಡಿಯನ್ನು ಅಲುಗಾಡಿಸಿ ನೋಡಿ, ಆಮೇಲೇ ತಂಗಿ ಕೆಳಗೆ ಹೋದಳು. ಚಪ್ಪಟೆ ಜಾಕನ್ನು ಇಂಜಿನ್ನಿನ ಹೊಟ್ಟೆಗೆ ಹಲಗೆಯಿಟ್ಟು ಆನಿಸಿ, ಅದನ್ನು ಹಿಡಿದಿದ್ದ ರಬ್ಬರ್ ಬುಶ್ಶುಗಳ ಬೋಲ್ಟು ತೆಗೆದಾಗ ಭಾರವೆಲ್ಲ ಜಾಕಿನ ಮೇಲೆ ಕೂತಿತು. ಕಾಕಾನ ಅಂದಾಜಿನಲ್ಲಿ ಒಂದು ಚೀಲ ಜೋಳದಷ್ಟು ಭಾರ. ಅಂಗುಲ ಅಂಗುಲವಾಗಿ ಇಳಿಸಿ, ಗೋಣಿಚೀಲದ ಮೇಲೆ ಎಳೆದು ಹೊರಗೆ ತಂದೆವು. ಎರಡು ದಿನದ ಕೆಲಸ. ನೋಡಲು ಬಂದವರು ಕಾಂಪೌಂಡಿನ ಮೇಲೆ ಕೂತಿದ್ದರು, ಒಬ್ಬರೂ ನಗಲಿಲ್ಲ.

"ಭಾರದ ಕೆಲಸ, ಹೆಂಗಸರಿಗೆ ಹೇಗೆ ಆದೀತು?" ಎನ್ನುವವರು ಇಲ್ಲಿ ಗಮನಿಸಬೇಕು. ಭಾರ ಎತ್ತಿದ್ದು ಜಾಕು. ಗ್ಯಾರೇಜಿನ ಗಂಡಸೂ ಇಂಜಿನ್ನನ್ನು ತೋಳಿನಿಂದ ಎತ್ತುವುದಿಲ್ಲ. ಜಾಕು, ಚೈನು, ರಾಟೆ ಇದ್ದದ್ದೇ ಅದಕ್ಕೆ. ಎರಡು ಕೊಡ ನೀರು ಹೊತ್ತು ಮೆಟ್ಟಿಲು ಹತ್ತಿದವಳಿಗೆ, ಹೊಲದಲ್ಲಿ ಹುಲ್ಲಿನ ಹೊರೆ ತಲೆಯ ಮೇಲಿಟ್ಟು ನಡೆದವಳಿಗೆ ಯಾರಾದರೂ ಈ ಪ್ರಶ್ನೆ ಕೇಳಿದ್ದಾರೆಯೇ? ರೊಕ್ಕ ಬಾರದ ಭಾರಕ್ಕೆ ಹೆಣ್ಣು ಗಟ್ಟಿ, ರೊಕ್ಕ ಬರುವ ಭಾರಕ್ಕೆ ಹೆಣ್ಣು ಮೆತ್ತಗೆ.

ಇನ್ನೊಂದು ಮಾತು. ಗ್ಯಾರೇಜು ಹೆಂಗಸರಿಗೆ ತಕ್ಕ ಜಾಗವಲ್ಲ ಎನ್ನುವ ನಾವೇ, ಹನ್ನೆರಡು ವರ್ಷದ ಹುಡುಗನೊಬ್ಬ ಗಾಡಿಯ ಕೆಳಗೆ ಮಲಗಿ "ಪಾನಾ ಕೊಡೋ" ಎಂಬ ಬೈಗುಳ ಕೇಳುತ್ತಿರುವುದನ್ನು ನೋಡಿಯೂ ಚಹಾ ಕುಡಿಯುತ್ತ ಕೂತಿದ್ದೇವೆ. ಅಂಥವರಲ್ಲಿ ಕೆಲವರು ನನ್ನ ತರಗತಿ ಬಿಟ್ಟು ಹೋದವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದ ಕೈ ನನ್ನದು. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ಕಾಯಿದೆ ನಿಷೇಧಿಸಿದೆ. ಮಗುವಿಗೆ ಯೋಗ್ಯವಾದ ಜಾಗ ಐವತ್ತರ ಹೆಂಗಸಿಗೆ ಅಯೋಗ್ಯವಾಗುವುದು ಯಾವ ನ್ಯಾಯ? ಆ ಜಾಗ ಕೆಟ್ಟದ್ದಾದರೆ ಅದನ್ನು ಸರಿಪಡಿಸಿ, ನಮ್ಮನ್ನು ಹೊರಗಿಡಬೇಡಿ.

ನಾನು ಇತಿಹಾಸ ಪಾಠ ಮಾಡುವವಳು. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಮೋಟಾರು ಗಾಡಿಗೆ ಪೇಟೆಂಟ್ ಪಡೆದ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅವನ ಹೆಂಡತಿ ಬರ್ತಾ ಬೆಂಜ್ ಮಾಡಿದ್ದನ್ನು ಯಾರೂ ಕೇಳುವುದಿಲ್ಲ. ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣದಲ್ಲಿ ಒಂದು ಪಾಲನ್ನು ಅವನ ಕಾರ್ಖಾನೆಗೆ ಹಾಕಿದವಳು ಆಕೆ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮನ್‌ಹೈಮಿನಿಂದ ತವರೂರು ಪ್ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿ.ಮೀ. ಆ ಗಾಡಿಯನ್ನು ನಡೆಸಿಕೊಂಡು ಹೋದಳು. ಇಂಧನದ ನಳಿಕೆ ಕಟ್ಟಿಕೊಂಡಾಗ ತನ್ನ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು. ತಂತಿಗೆ ತನ್ನ ಕಾಲುಚೀಲದ ಪಟ್ಟಿ ಸುತ್ತಿದಳು. ದಾರಿಯಲ್ಲಿ ಔಷಧಿ ಅಂಗಡಿಯಿಂದ ಇಂಧನ ಕೊಂಡಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಲೋಕದ ಮೊದಲ ದೂರ ಪ್ರಯಾಣದ ಡ್ರೈವರೂ ಹೆಂಗಸು, ದಾರಿಯಲ್ಲಿ ಗಾಡಿ ರಿಪೇರಿ ಮಾಡಿದ ಮೆಕ್ಯಾನಿಕಳೂ ಹೆಂಗಸು. ತವರಿಗೆ ಹೋಗುವ ಹೆಣ್ಣಿನ ಹಟ ಮೋಟಾರು ಲೋಕದ ಬಾಗಿಲು ತೆರೆಯಿತೆಂದರೆ ನಮ್ಮವರು ನಂಬುತ್ತಾರೆಯೇ?

ದೂರ ಯಾಕೆ, ಮದರಾಸಿನ ಎ. ಲಲಿತಾ ಹದಿನೆಂಟಕ್ಕೇ ವಿಧವೆಯಾದವರು, ತೊಡೆಯ ಮೇಲೆ ಹಸುಗೂಸು. 1940ರ ದಶಕದಲ್ಲಿ ಗಿಂಡಿಯ ಕಾಲೇಜಿನಲ್ಲಿ ಓದಿ ನಮ್ಮ ದೇಶದ ಮೊದಲ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರಾದರು. ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು 1974ರಲ್ಲಿ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದು ಜಾಹೀರಾತು ಕೊಟ್ಟಿದ್ದ ಟೆಲ್ಕೋ ಕಂಪನಿಯ ವಿಷಯದಲ್ಲಿ ಜೆ.ಆರ್.ಡಿ. ಟಾಟಾ ಅವರಿಗೇ ಅಂಚೆ ಕಾರ್ಡು ಬರೆದರು, ಕೆಲಸವನ್ನೂ ಪಡೆದರು. ಆ ಕಾರ್ಡಿನ ಕಥೆ ಹೇಳಿ ಚಪ್ಪಾಳೆ ಹೊಡೆಯುವ ಅದೇ ಊರಿನ ಗ್ಯಾರೇಜಿನಲ್ಲಿ ಇಂದಿಗೂ "ಗಂಡಸರನ್ನ ಕಳಸ್ರಿ" ಎನ್ನುತ್ತಾರೆ.

ಇಳಿದ ಇಂಜಿನ್ನನ್ನು ಬಿಚ್ಚಿ ಬ್ಲಾಕನ್ನು ಲೇತ್ ಅಂಗಡಿಗೆ ಒಯ್ದೆವು. ಅದಕ್ಕೆ ಮೊದಲು ಅದರ ಮೇಲೆ ಕೊರೆದ ಇಂಜಿನ್ ನಂಬರನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡಿ ಬರೆದುಕೊಂಡೆವು. ಹಾಗೇ ತಂದು ಕೊಟ್ಟದ್ದು ಅದೇ ಬ್ಲಾಕೇ ಎಂದು ಖಾತ್ರಿಯಾಯಿತು. ನಂಬರು ಬೇರೆಯಾದರೆ ಸಾರಿಗೆ ಕಚೇರಿಯಲ್ಲಿ ತೊಡಕು ನಿಮ್ಮದೇ. ಗೋಡೆ ಕೊರೆದು ನುಣುಪು ಮಾಡಿದ ಮೇಲೆ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಪಿಸ್ಟನ್ನುಗಳು ಬಂದವು. ಲೇತ್ ಅಂಗಡಿಯವರು, ಹೇಳಲೇಬೇಕು, ನಮ್ಮೊಂದಿಗೇ ಮಾತಾಡಿದರು, ಅಳತೆ ತೋರಿಸಿ ರೊಕ್ಕ ಪಡೆದರು. ಎಲ್ಲ ಗಂಡಸರೂ ಒಂದೇ ಎನ್ನುವ ಪಂಥದವಳು ನಾನಲ್ಲ.

ಕೂಡಿಸುವಾಗ ಒಂದು ಗಳಿಗೆ ನನಗೆ ಮರೆಯಲಾಗದು. ಹೆಡ್ಡಿನ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯಬಾರದು. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತು. ಇಲ್ಲದಿದ್ದರೆ ಗ್ಯಾಸ್ಕೆಟ್ಟು ಒಂದು ಕಡೆ ಎದ್ದು ಸೋರುತ್ತದೆ. ಕಾಕಾ ಇದನ್ನು ಬಿಡಿಸಿ ಹೇಳಲು ಶುರುಮಾಡಿದಾಗ ತಂಗಿ ಅಂದಳು: "ರೊಟ್ಟಿ ಬಡಿದ್ಹಂಗ, ಅಲ್ರೀ ಕಾಕಾ? ನಡುವಿನಿಂದ ಅಂಚಿಗೆ." ಕಾಕಾ ಮುಂದೆ ಹೇಳುವುದನ್ನೇ ಬಿಟ್ಟರು, ಅಳತೆಯ ಪಾನಾ ಅವಳ ಕೈಗೆ ಕೊಟ್ಟರು. ಗ್ಯಾಸ್ಕೆಟ್ ಅಂದರೇನೆಂದು ಕುಕ್ಕರಿನ ರಬ್ಬರು ಬದಲಿಸಿದ ಹೆಂಗಸಿಗೆ ಹೇಳಿಕೊಡಬೇಕೆ? ಬೆಲ್ಟು ಎಷ್ಟು ಬಿಗಿ ಇರಬೇಕೆಂದು ಹೊಲಿಗೆ ಯಂತ್ರ ತುಳಿದವಳಿಗೆ ತಿಳಿಯದೆ? ಕ್ಲಚ್ ಪ್ಲೇಟನ್ನು ಸರಿಯಾಗಿ ನಡುವೆ ಕೂಡಿಸಲು ಬಡಿಗೇರರಿಂದ ಕೆತ್ತಿಸಿದ ಕಟ್ಟಿಗೆಯ ಗೂಟ ನೋಡಿದರೆ ನಮ್ಮ ಲಟ್ಟಣಿಗೆಯ ತಮ್ಮನಂತಿತ್ತು.

ಏರಿಸುವುದು ಇಳಿಸಿದ್ದಕ್ಕಿಂತ ನಿಧಾನ, ಆದರೆ ಚೀಟಿಗಳಿದ್ದವು, ಗೋಡೆಯ ಚಿತ್ರವಿತ್ತು. ಒಂದು ವಾಶರೂ ಮಿಕ್ಕಲಿಲ್ಲ. ಹೊಸ ಆಯಿಲ್, ನೀರು ತುಂಬಿ, ಕಾಯಿಲಿನ ತಂತಿ ಕಿತ್ತಿಟ್ಟು, ಇಂಜಿನ್ ಹೊತ್ತದಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆವು, ಆಯಿಲ್ ಎಲ್ಲ ಕಡೆ ಏರಿ ಕೆಂಪು ದೀಪ ಆರುವವರೆಗೆ. ಆಮೇಲೆ ತಂತಿ ಕೂಡಿಸಿ ಕೀಲಿ ತಿರುವಿದ್ದು ತಂಗಿ. ಹೊತ್ತಿತು. ಮೊದಲ ಎರಡು ನಿಮಿಷ ಹೊಗೆ ಬಂತು, ಒಳಗೆ ಹಚ್ಚಿದ ಆಯಿಲ್ಲಿನದು. ಆಮೇಲೆ ಏನೂ ಇಲ್ಲ. ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟು, ಲೇತು, ಆಯಿಲ್, ಸ್ಟ್ಯಾಂಡಿನ ಬಾಡಿಗೆ, ಕಾಕಾ ಬೇಡವೆಂದರೂ ಕೊಟ್ಟ ಮೂರು ಸಾವಿರ, ಎಲ್ಲ ಸೇರಿ 14,600 ರೂಪಾಯಿ. ಜೂನಿನಲ್ಲಿ ತಪಾಸಣೆಯಾಗಿ ಐದು ವರ್ಷದ ನವೀಕರಣ ಸಿಕ್ಕಿತು.

"ರೊಕ್ಕ ಕೊಟ್ಟರೆ ಮಾಡುವವರಿರುವಾಗ ನಾವ್ಯಾಕೆ ಮೈ ಕೊಳೆ ಮಾಡಿಕೊಳ್ಳಬೇಕು?" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಎಲ್ಲರೂ ಇಂಜಿನ್ ಇಳಿಸಿರಿ ಎಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಅನುಭವಿಗಳಿಲ್ಲದೆ ಇಳಿಸಲೂ ಬೇಡಿ. ಆದರೆ ರೊಕ್ಕ ಕೊಡುವುದಕ್ಕೂ ತಿಳಿವಳಿಕೆ ಬೇಕಲ್ಲ? ಬಂಗಾರ ಕೊಳ್ಳುವಾಗ ತೂಕ ನೋಡುತ್ತೀರಿ, ಬೇಳೆ ಕೊಳ್ಳುವಾಗ ಹುಳ ನೋಡುತ್ತೀರಿ. ನಮ್ಮ ಮಹಿಳಾ ಪತ್ರಿಕೆಗಳು ವರ್ಷಗಟ್ಟಲೆ ಉಪ್ಪಿನಕಾಯಿಗೆ ಬೂಸು ಬಾರದಂತೆ ನೋಡಿಕೊಳ್ಳುವುದು ಹೇಗೆಂದು ಕಲಿಸಿವೆ. ಹೊಗೆಯ ಬಣ್ಣ ನೋಡುವುದನ್ನು ಒಂದು ಪುಟದಲ್ಲಿ ಕಲಿಸಬಾರದೇ? ನಮ್ಮ ಶಾಲೆಗಳಲ್ಲಿ ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ತೋಟಗಾರಿಕೆ ಎಂದು ಹಂಚಿದವರು ಯಾರು? ಹೊಲಿಗೆಯೇನೂ ಕೀಳಲ್ಲ. ಹುಡುಗರಿಗೂ ಗುಂಡಿ ಹೊಲಿಯಲು ಬರಲಿ, ಹುಡುಗಿಯರಿಗೂ ಗಾಲಿ ಬದಲಿಸಲು ಬರಲಿ.

ತಂಗಿಯ ಮಗಳು ಆ ವರ್ಷವೇ ಐ.ಟಿ.ಐ.ಗೆ ಅರ್ಜಿ ಹಾಕಿದಳು. ಬಂಧುಗಳು ಟೇಲರಿಂಗ್ ಎಂದರು, ಅವಳು ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂದಳು. "ದೊಡ್ಡವ್ವಾ, ಫಾರ್ಮಿಗೆ ನೀನೇ ಸಹಿ ಹಾಕು, ಅವ್ವ ರೊಟ್ಟಿ ಬಡಿಯಾಕತ್ತಾಳ" ಎಂದು ಶಾಲೆಗೇ ಬಂದಳು.

ತಂಗಿ ಈಗಲೂ ಟೈರು, ಬ್ರೇಕಿಗೆಂದು ಗ್ಯಾರೇಜಿಗೆ ಹೋಗುತ್ತಾಳೆ. ಮೊದಲು ಏನು ಕೆಟ್ಟಿದೆ ತೋರಿಸಿರಿ ಎನ್ನುತ್ತಾಳೆ, ಆಮೇಲೆ ರೇಟು, ಕೊನೆಗೆ ಬದಲಿಸಿದ ಹಳೆ ಸಾಮಾನು ವಾಪಸ್ ಕೊಡಿರಿ ಎನ್ನುತ್ತಾಳೆ. ಬೆನ್ನ ಹಿಂದೆ ಅವಳನ್ನು ಗಯ್ಯಾಳಿ ಅನ್ನುತ್ತಾರಂತೆ. ಅವಳು ಹಳೆ ಸಾಮಾನು ಎಣಿಸಿ ಚೀಲಕ್ಕೆ ಹಾಕಿಕೊಂಡು, ಬಿಲ್ಲು ಕೇಳಿ ಪಡೆದು, ರೊಟ್ಟಿಯ ಬುಟ್ಟಿಗಳ ಪಕ್ಕದಲ್ಲಿಟ್ಟುಕೊಂಡು ಮನೆಗೆ ಬರುತ್ತಾಳೆ.